ಗೇಟಿನೊಳಗೆ ಬಂದ ಟ್ರಾನ್ಸ್‌ಫಾರ್ಮರ್

ನಮ್ಮ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಹೊಸ ಟ್ರಾನ್ಸ್‌ಫಾರ್ಮರ್ ತಂದು ಕೂರಿಸಿದ ದಿನ ತೆಂಗಿನಕಾಯಿ ಒಡೆದು ಲಡ್ಡು ಹಂಚಿದರು. ನನಗೊಬ್ಬಳಿಗೇ ಆ ಲಡ್ಡು ರುಚಿಸಲಿಲ್ಲ.

ಹೈಟೆಕ್ ಸಿಟಿ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟುಗಳಿಗೆಲ್ಲ ಸಾಫ್ಟ್‌ವೇರ್ ಹುಡುಗರು ಬಾಡಿಗೆಗೆ ಬಂದಿದ್ದರು. ಅವರ ಹಿಂದೆಯೇ ಎ.ಸಿ.ಗಳು, ಗೀಸರುಗಳು, ಕಂಪ್ಯೂಟರುಗಳು. ಬೀದಿಯ ತುದಿಯ ಹಳೇ ಟ್ರಾನ್ಸ್‌ಫಾರ್ಮರಿನಿಂದ ಉದ್ದನೆಯ ಸಪೂರ ತಂತಿಯಲ್ಲಿ ಬರುವ ಕರೆಂಟು ಇವಕ್ಕೆಲ್ಲ ಸಾಲದೆ, ಸಂಜೆಯಾದರೆ ಟ್ಯೂಬ್‌ಲೈಟು ಹೊತ್ತಿಕೊಳ್ಳಲು ಒದ್ದಾಡುತ್ತಿತ್ತು. ಹೊಸದು ಬಂದ ಮೇಲೆ ಮನೆಮನೆಯೂ ಝಗಝಗ.

ನಾನು ರಾಯಚೂರಿನವಳು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬ್ರೇಕರ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಬೇಕೆಂದೇ ಶಾರ್ಟ್ ಮಾಡಿ ಹೊಡೆತ ಕೊಡುವುದು, ಬ್ರೇಕರ್ ಕರೆಂಟನ್ನು ಕಡಿಯುತ್ತದೋ ತಾನೇ ಸಿಡಿಯುತ್ತದೋ ನೋಡುವುದು. ಬ್ರೇಕರಿನ ಮುಂದೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಕಟ್ಟಿರುತ್ತಿದ್ದೆವು. ಕಿಡಿ ಹಾರಿ ಅದರಲ್ಲಿ ಒಂದು ತೂತು ಬಿದ್ದರೂ ಮಾಲು ನಪಾಸು. ತಾಳಲಾರದ ಹೊಡೆತ ಬಿದ್ದ ಬ್ರೇಕರ್ ಹೇಗೆ ಬೆಂಕಿ ಉಗುಳುತ್ತದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಟ್ರಾನ್ಸ್‌ಫಾರ್ಮರ್ ಹತ್ತಿರ ಬಂದಷ್ಟೂ, ತಂತಿ ದಪ್ಪವಾದಷ್ಟೂ, ಶಾರ್ಟ್ ಆದಾಗ ನುಗ್ಗುವ ಕರೆಂಟು ಜಾಸ್ತಿ. ನಮ್ಮ ಮೀಟರ್ ಬೋರ್ಡಿನಲ್ಲಿದ್ದವೋ ಬಿಲ್ಡರ್ ಅಗ್ಗಕ್ಕೆ ತಂದು ಹಾಕಿದ ಬ್ರೇಕರುಗಳು. ಮೂರು ಸಾವಿರ ಆಂಪಿಯರಿನವರೆಗೆ ಮಾತ್ರ ತಡೆಯುತ್ತೇವೆ ಎಂದು ಅವುಗಳ ಮೈಮೇಲೆಯೇ ಬರೆದಿತ್ತು.

ಆ ಬೋರ್ಡು ಮೆಟ್ಟಿಲ ಕೆಳಗಿನ ಕೋಣೆಯಲ್ಲಿತ್ತು. ವಾಚ್‌ಮನ್‌ನ ಸಂಸಾರವೂ ಅದೇ ಕೋಣೆಯಲ್ಲಿ. ಈ ಊರಲ್ಲಿ ವಾಚ್‌ಮನ್ ಎಂದರೆ ಹೆಂಡತಿ ಮಕ್ಕಳ ಸಮೇತ ಮೆಟ್ಟಿಲ ಕೆಳಗೇ ಇರಬೇಕು, ಅದೇ ಪದ್ಧತಿ. ಯಾದಗಿರಿ ಕಡೆಯವರು. ಅವನ ಹೆಂಡತಿ ನನ್ನ ಜೊತೆ ಕನ್ನಡ ಮಾತಾಡಲೆಂದೇ ದಿನಾ ಒಂದು ನೆಪ ಹುಡುಕುತ್ತಿದ್ದಳು. ಬೋರ್ಡಿನ ಎದುರಿಗೇ ಸೀರೆಯ ಜೋಲಿ ಕಟ್ಟಿ ತನ್ನ ಹಸುಗೂಸನ್ನು ಮಲಗಿಸುತ್ತಿದ್ದಳು.

"ಕೂಸಿನ್ನ ಇಲ್ಲಿ ಹಾಕಬ್ಯಾಡವಾ," ಅಂದೆ.

"ಮತ್ತ ಎಲ್ಲಿ ಹಾಕಲ್ರಿ ಅಕ್ಕಾ? ಹೊರಗ ಕಾರು ಹಿಂದಮುಂದ ಆಡತಾವ. ಜೋಲಿ ಕಟ್ಟಾಕ ಕೊಂಡಿ ಇಲ್ಲೊಂದಽ ಐತಿ."

ಕೋಣೆಯನ್ನೆಲ್ಲ ನೋಡಿದೆ. ನಿಜ, ಬೇರೆ ಜಾಗ ಇರಲಿಲ್ಲ.

ಕಾರ್ಖಾನೆಯಲ್ಲಿ ಕೇಳಿ ಅಳೆಯುವ ಮೀಟರೊಂದನ್ನು ತಂದೆ. ಅಸೋಸಿಯೇಷನ್ ಸೆಕ್ರೆಟರಿಯನ್ನು ಕರೆದು ಅವರೆದುರೇ ಅಳೆದೆ. ಶಾರ್ಟ್ ಆದರೆ ಎಂಟು ಸಾವಿರ ಆಂಪಿಯರ್ ನುಗ್ಗುತ್ತದೆ ಎಂದು ತೋರಿಸಿತು. ಸೆಕ್ರೆಟರಿ ಹಿಗ್ಗಿದರು. "ಚಾಲಾ ಮಂಚಿದಿ ಮೇಡಂ!" ಬಹಳ ಒಳ್ಳೆಯದಾಯಿತು, ಇಷ್ಟು ಕರೆಂಟು ಬರುತ್ತದೆಯೇ, ಟ್ರಾನ್ಸ್‌ಫಾರ್ಮರಿಗಾಗಿ ಓಡಾಡಿದ್ದು ಸಾರ್ಥಕ ಎಂದರು. ನಾನು ತಲೆ ಚಚ್ಚಿಕೊಂಡೆ. ಬ್ರೇಕರಿನ ಮೇಲಿದ್ದ ಮೂರು ಸಾವಿರವನ್ನು ತೋರಿಸಿದೆ. ಅವರು ಅದರ ಪಕ್ಕದ ಮೂವತ್ತೆರಡನ್ನು ತೋರಿಸಿ, ಒಂದು ಮನೆಗೆ ಮೂವತ್ತೆರಡು ಆಂಪಿಯರ್ ಬೇಕಾದಷ್ಟಾಯಿತಲ್ಲ ಎಂದರು. ಅದು ದಿನದ ಬಳಕೆಯ ಲೆಕ್ಕ, ಇದು ಅನಾಹುತದ ದಿನದ್ದು ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಬಂದಷ್ಟರಲ್ಲಿ ಬಡಕೊಂಡೆ. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದು ಕೇಳಿದರು. ಆಗಲಿ ಎಂದು ಕಾಯಬೇಕೇ?

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತೆ. ಬ್ರೇಕರು ಬದಲಿಸಬೇಕು ಎಂದಾಗ ಯಾರೂ ತಲೆ ಎತ್ತಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲೊಂದು ಕೂಸು ಮಲಗುತ್ತದೆ. ಬೋರ್ಡು ಸಿಡಿದರೆ ಮೊದಲು ಸುಡುವುದು ಅದರ ಮುಖ," ಎಂದುಬಿಟ್ಟೆ. ಒಬ್ಬರು ಪೊಲೀಸ್ ಕೇಸಿನ ಮಾತೆತ್ತಿದರು. ಅಬ್ಬಾ, ಕಡೆಗೂ ನಾಟಿತು ಎಂದುಕೊಂಡು ಕೂತೆ.

ನಾಟಿದ್ದು ಹೇಗೆಂದರೆ, ಭಾನುವಾರದೊಳಗೆ ವಾಚ್‌ಮನ್ ಕೋಣೆ ಖಾಲಿ ಮಾಡಬೇಕು, ಅವನ ಬದಲು ಏಜೆನ್ಸಿಯ ಗಾರ್ಡ್ ಬರುತ್ತಾನೆ. ಬ್ರೇಕರಿನ ವಿಚಾರ ಮುಂದೆ ನೋಡೋಣ. ಒಳ್ಳೆಯ ಸಮಯಕ್ಕೆ ಎಚ್ಚರಿಸಿದಿರಿ ಎಂದು ಸೆಕ್ರೆಟರಿ ನನಗೆ ಥ್ಯಾಂಕ್ಸ್ ಬೇರೆ ಹೇಳಿದರು. ಅವರ ಮನೆಗೆ ಹೋಗಿ ಜಗಳವಾಡಿದೆ, ಕೈ ಮುಗಿದೆ. ಕಾಫಿ ಕುಡಿಸಿ ಕಳಿಸಿದರು.

ಸಾಮಾನೆಲ್ಲ ಆಟೋಗೆ ಹೇರಿ, ಕೂಸನ್ನು ಎತ್ತಿಕೊಂಡು ಅವಳು ಹೇಳಿಹೋಗಲು ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಲ್ಲಿಗೆ ಹೊಂಟಿಯವಾ?"

"ಮಿಯಾಪುರದಾಗ ಹೊಸಾ ಬಿಲ್ಡಿಂಗ್ ಐತ್ರಿ ಅಕ್ಕಾ. ಅಲ್ಲೂ ಮೆಟ್ಟಿಲ ಕೆಳಗಽ, ಮೀಟರ್ ಬೋರ್ಡಿನ ರೂಮು ಕೊಡತಾರಂತ."

"ಅಲ್ಲಿ ಟ್ರಾನ್ಸ್‌ಫಾರ್ಮರ್ ಎಲ್ಲಿ ಐತಿ?"

"ಗ್ವಾಡಿ ಬಾಜೂಕಽ ಐತ್ರಿ. ಇದಕಿಂತ ಭಾಳ ದೊಡ್ಡದು. ಕರೆಂಟ್ ಹೋಗೋದಽ ಇಲ್ಲಂತ," ಎಂದು ನಕ್ಕಳು.

ನನಗೆ ಅಳು ತಡೆಯಲಾಗಲಿಲ್ಲ. ತನ್ನನ್ನು ಬಿಟ್ಟಿರಲಾರದೆ ಅಳುತ್ತಿದ್ದೇನೆ ಎಂದುಕೊಂಡಳೇನೋ, ಕೂಸನ್ನು ಕಂಕುಳಿಗೆ ಸರಿಸಿ, ಸೆರಗಿನಿಂದ ನನ್ನ ಕಣ್ಣು ಒರೆಸಿ, "ಸುಮ್ನಿರ್ರಿ ಅಕ್ಕಾ, ಏನೂ ಆಗಂಗಿಲ್ಲ," ಎಂದು ನನ್ನನ್ನೇ ಸಮಾಧಾನ ಮಾಡಿದಳು.