ಸೊಸೆಯ ಯಜಮಾನ ಯಾರು?

ಆಗ ನನಗೆ ಮೂವತ್ತೆರಡು. ಈ ಮಾತಿಗೆ ಐವತ್ತೆಂಟು ವರ್ಷವಾಯಿತು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಆಯಾ ಆಗಿದ್ದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಊರಿನಲ್ಲಿ ಒಬ್ಬ ವಕೀಲರಿದ್ದರು. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರು. ಆಮೇಲೆ ಕೋರ್ಟು ಬಿಟ್ಟು ಪುಸ್ತಕ ಬರೆಯುತ್ತ ಕೂತರು. ರಸ್ತೆ ಮಾಡುವುದು, ಕಳ್ಳರನ್ನು ಹಿಡಿಯುವುದು, ವ್ಯಾಜ್ಯ ತೀರಿಸುವುದು, ಸರ್ಕಾರಕ್ಕೆ ಇಷ್ಟೇ ಕೆಲಸ, ಮಿಕ್ಕಿದ್ದು ಜನರ ಸ್ವಂತ ವಿಚಾರ ಎನ್ನುವುದು ಅವರ ವಾದ. ಬಡವರ ಮನೆಯಿಂದ ಲೆವಿ ಭತ್ತ, ಅಂದರೆ ಸರ್ಕಾರಕ್ಕೆ ಕೊಡಲೇಬೇಕಾದ ಪಾಲು, ಎತ್ತಲು ಬಂದ ಅಧಿಕಾರಿಗಳನ್ನು ಅವರು ತಡೆದದ್ದನ್ನು ನಾನೇ ಕಂಡಿದ್ದೇನೆ. ಸಂತೆಯ ದಿನ ನಿಂತು, "ಬಿಳಿ ಯಜಮಾನ ಹೋದ, ಖಾದಿ ಯಜಮಾನ ಬಂದ. ಮನುಷ್ಯನಿಗೆ ಯಜಮಾನನೇ ಬೇಡ. ಅವನ ಮೈ ಅವನದು" ಎಂದು ಭಾಷಣ ಮಾಡಿದಾಗ ನಾನೂ ಚಪ್ಪಾಳೆ ಹೊಡೆದೆ.

ಆಸ್ಪತ್ರೆಗೆ ಆಗ ಲೂಪ್ ಹೊಸದು. ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಪ್ಲಾಸ್ಟಿಕ್ ಸುರುಳಿ ಅದು. ವಕೀಲರ ಸೊಸೆ ಸಾವಿತ್ರಮ್ಮ ಐದು ಹೆತ್ತಿದ್ದಳು. ಕೊನೆಯದರಲ್ಲಿ ರಕ್ತ ಹೋಗಿ ಬದುಕಿದ್ದೇ ಹೆಚ್ಚು. ಇನ್ನೊಂದು ಬಸಿರಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಮಾವ ಮಾತ್ರ, ಲೂಪ್ ಸರ್ಕಾರದ ಕಾರುಬಾರು, ನಮ್ಮ ಮನೆಗೆ ಬೇಡ ಎಂದುಬಿಟ್ಟರು. ಗಂಡ ಅಪ್ಪನ ಮಾತು ಮೀರುವವನಲ್ಲ.

ಒಂದು ದಿನ ಹೊಳೆಯ ಹತ್ತಿರ ಅವಳು ನನ್ನ ಕೈ ಹಿಡಿದಳು. "ಗಿರಿಜಾ, ನಂಗೆ ಸಾಯೋಕೆ ಮನಸ್ಸಿಲ್ಲ. ಕರ್ಕಂಡು ಹೋಗ್ತೀಯಾ?"

ಕರೆದುಕೊಂಡು ಹೋದೆ. ಸಾವಿತ್ರಮ್ಮನನ್ನು ಒಳಗೆ ಮಲಗಿಸಿ ಡಾಕ್ಟರಮ್ಮ ಕೈ ತೊಳೆಯುತ್ತಿದ್ದಾಗ ವಕೀಲರು ಬಂದರು.

"ಯಾರನ್ನ ಕೇಳಿ ನಮ್ಮನೆ ಸೊಸೆನ ಇಲ್ಲಿಗೆ ತಂದೆ?"

"ಅವರನ್ನೇ ಕೇಳಿದೆ, ಅಯ್ಯಾ."

"ಅವಳನ್ನ ಕೇಳೋದೆಂತ? ಮನೆ ಯಜಮಾನ ನಾನಿದೀನಲ್ಲ!"

ಔಷಧಿಗೆ ಕೂತಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. "ಸಂತೇಲಿ ಓಡಿಸಿದ ಯಜಮಾನ ಮನೇಲೇ ಅಡಗಿದಾನಲ್ರೇ!"

ವಕೀಲರ ಮುಖ ಕೆಂಪಾಯಿತು. ಸಿಟ್ಟು ನನ್ನ ಮೇಲೆ ಬಂತು. "ನಿನ್ನ ಕೆಲ್ಸ ತೆಗೆಸ್ತೀನಿ. ಮೇಲಿನವರಿಗೆ ಬರೀತೀನಿ."

"ಯಾರಿಗೆ, ಸರ್ಕಾರಕ್ಕಾ?" ಎಂದೆ.

ಅಷ್ಟರಲ್ಲಿ ಒಳಗಿನಿಂದ ಸಾವಿತ್ರಮ್ಮ ಗಟ್ಟಿಯಾಗಿ ಹೇಳಿದಳು. "ಮಾವಯ್ಯ, ನಾನೇ ಬಂದದ್ದು. ಹಾಕಿಸ್ಕಂಡೇ ಬರ್ತೀನಿ. ನೀವು ಹೋಗಿ." ಮಾವನಿಗೆ ಅವಳು ಎದುರಾಡಿದ್ದು ಅದೇ ಮೊದಲು. ನಾನು ಬಾಗಿಲು ಹಾಕಿ ಚಿಲಕ ಜಡಿದೆ.

ಮುಂದೆ, ತಿಂಗಳಿಗೆ ಇಷ್ಟು ಹೆಂಗಸರಿಗೆ ಲೂಪ್ ಹಾಕಿಸಿ ಟಾರ್ಗೆಟ್ ಮುಟ್ಟಿಸಿ ಎಂದು ಮೇಲಿನವರು ಬಹಳ ಒತ್ತಾಯ ಮಾಡಿದರು. ಬೇಡವೆಂದ ಒಬ್ಬಳನ್ನೂ ನಾನು ಎಳೆದು ತರಲಿಲ್ಲ. ಬೇಕೆಂದವಳಿಗೆ ಯಾರು ಅಡ್ಡ ಬಂದರೂ ಬಿಡಲಿಲ್ಲ. ಹೊಟ್ಟೆ ಯಾರದೋ ಅವರನ್ನು ಕೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ವಕೀಲರ ಮಾತೂ ಅದೇ ಆಗಿತ್ತು. ಅದರಲ್ಲಿ ಹೆಂಗಸರೂ ಸೇರುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ.

ಸಾವಿತ್ರಮ್ಮ ಲೂಪ್ ಹಾಕಿಸಿಕೊಂಡ ಮರುದಿನ ಬೆಳಿಗ್ಗೆಯೇ, ರಕ್ತ ಹೋಗುತ್ತಿದೆಯೇ ನೋಡಲು ಅವರ ಮನೆಗೆ ಹೋದೆ. ವಕೀಲರು ಜಗಲಿಯಲ್ಲಿ ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದರು. ಒಳಗೆ ಬರಲಾ ಎಂದು ಸಾವಿತ್ರಮ್ಮನನ್ನು ಕೂಗಿ ಕೇಳಿದೆ. "ಬಾ" ಎಂದಳು. ವಕೀಲರು ಕಾಲು ಮಡಚಿಕೊಂಡರು. ನಾನು ಒಳಗೆ ಹೋದೆ.