ವಾಮನಮೂರ್ತಿಗಳು ಬಂದರು, ನೆಟ್ಟಗೆ ಕೂತ್ಕೊಳ್ಳಿ
ಕರ್ನಾಟಕದ ಮಕ್ಕಳಿಗೆಲ್ಲ ವಾಮನಮೂರ್ತಿಗಳೆಂದರೆ ವಾರಪತ್ರಿಕೆಯಲ್ಲಿ ಮುಂಗುಸಿ ಮರಿಯ ಚಿತ್ರಕಥೆ ಬರೆಯುವ ಮುದ್ದಿನ ಮಾಮ. ವಡೋದರಾದ ರೈಲ್ವೆ ಕಾಲೊನಿಯಲ್ಲಿ ಅವರ ನೆರೆಯವರಾದ ನಮಗೆ ಮಾತ್ರ ಅವರೆಂದರೆ ನಡುಕ. ಯಾಕೆಂದರೆ ಇಲ್ಲಿಯ ಕನ್ನಡ ಸಂಘದ ಸೈಕ್ಲೋಸ್ಟೈಲ್ ಮಾಸಿಕಕ್ಕೆ ಅವರು ದೊಡ್ಡವರ ಚಿತ್ರಕಥೆ ಬರೆಯುತ್ತಾರೆ, ಆ ದೊಡ್ಡವರು ನಾವೇ. ಗುಜರಾತಿಗಳ ಹಾಗೆ ಚಹಾವನ್ನು ಬಸಿಗೆ ಸುರಿದು ಸುರ್ರೆಂದು ಹೀರಿದಿರೋ, ಮುಂದಿನ ಸಂಚಿಕೆಯಲ್ಲಿ ಮೀಸೆ ಸಮೇತ ಬಸಿಯೊಳಗೆ ತೇಲುತ್ತೀರಿ. ಸಾಹೇಬರ ಫೋನು ಬಂತೆಂದು ಎದ್ದು ನಿಂತು ಮಾತಾಡಿದ ಪಕ್ಕದ ಮನೆಯ ಮಲ್ಲಿಕಾರ್ಜುನಪ್ಪ ಮರುತಿಂಗಳ ಚಿತ್ರದಲ್ಲಿ ಫೋನಿಗೆ ಆರತಿ ಎತ್ತುತ್ತಿದ್ದರು. ಹಾಗಾಗಿ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾದರೆ ಸಾಕು, ನನ್ನ ಹೆಂಡತಿ ಇಂದುಮತಿ, "ಬಂದ್ರು ರೀ! ಶರ್ಟ್ ಹಾಕ್ಕೊಳ್ಳಿ, ಹೊಟ್ಟೆ ಒಳಗೆಳ್ಕೊಳ್ಳಿ, ದಮ್ಮಯ್ಯ, ಕಿವಿಗೆ ಬೆರಳು ಹಾಕ್ಬೇಡಿ," ಎಂದು ಪಿಸುಗುಡುತ್ತಾಳೆ. ಅವರು ಕೂತು, ದಪ್ಪ ಕನ್ನಡಕ ಒರೆಸಿಕೊಂಡು, "ಮತ್ತೆ, ಏನ್ ಸಮಾಚಾರ?" ಎನ್ನುತ್ತಾರೆ. ನಮ್ಮಲ್ಲಿ ಯಾವ ಸಮಾಚಾರವೂ ಇರುವುದಿಲ್ಲ. ಜಗಳವಿಲ್ಲ, ಗೊಣಗಾಟವಿಲ್ಲ, ನಕ್ಕರೂ ಹಲ್ಲು ಕಾಣದಂತೆ ನಗುತ್ತೇವೆ. ಅವರು ಗೇಟು ದಾಟಿದ ಮೇಲೆಯೇ ಮನೆ ಉಸಿರಾಡುವುದು. ಈ ತಿಂಗಳ ಸಂಚಿಕೆಯನ್ನೂ ನನ್ನ ಮುಖ ಎಲ್ಲಿದೆಯೋ ಎಂದು ಹುಡುಕುತ್ತಲೇ ತೆರೆದೆ. ಇದ್ದದ್ದು ಒಂದೇ ಚಿತ್ರ. ಕೋಣೆ ತುಂಬ ಜನ, ಎಲ್ಲರೂ ಫೋಟೊ ತೆಗೆಸಿಕೊಳ್ಳುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಬಾಯಿ ಮುಚ್ಚಿ ಕೂತಿದ್ದಾರೆ. ನಡುವೆ ದಪ್ಪ ಕನ್ನಡಕದ ಒಬ್ಬ ಮನುಷ್ಯ. ತಮ್ಮನ್ನೇ ತಾವು ಅವರು ಬರೆದುಕೊಂಡದ್ದು ಇದೇ ಮೊದಲು. ಅದ್ದಿದ ಬಿಸ್ಕತ್ತು ಮುರಿದು ಅವನ ಚಹಾದೊಳಗೆ ಬಿದ್ದಿದೆ. ಯಾರಾದರೂ ನಗಬಹುದೆಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಾನೆ.