ದೃಷ್ಟಿಬೊಂಬೆಯ ಡಬ್ಬಿ

ಅವಳ ಅಂಗೈ ಅವಳ ವಯಸ್ಸಿನದಾಗಿರಲಿಲ್ಲ. ಮುಖ ಒಣಗಿದ ಹುಣಸೆಸಿಪ್ಪೆಯ ಹಾಗೆ ಸುಕ್ಕುಗಟ್ಟಿತ್ತು, ಮೊಣಕೈ ಕರಿಕಲ್ಲಿನಂತಿತ್ತು, ಅಂಗೈ ಮಾತ್ರ ಹಸುಗೂಸಿನ ಕೆನ್ನೆಯಷ್ಟು ಮೆತ್ತಗೆ. ಊರಿನ ಕೂಸುಗಳಿಗೆಲ್ಲ ಹರಳೆಣ್ಣೆ ತಿಕ್ಕಿ ತಿಕ್ಕಿ ಗೆರೆಗಳೇ ಅಳಿಸಿಹೋಗಿದ್ದವು. ಕಣಿ ಹೇಳುವವಳೊಬ್ಬಳು ಅವಳ ಕೈ ಹಿಡಿದು, "ಗೆರೆನೇ ಇಲ್ಲವಲ್ಲೇ, ಏನಂತ ಹೇಳ್ಲಿ ನಿಂಗೆ?" ಅಂದಿದ್ದಳಂತೆ. "ಊರ ಮಕ್ಕಳಿಗೆ ಹಚ್ಚಿಬಿಟ್ಟೀನಿ, ಅವರತ್ರ ಹೋಗಿ ಕೇಳು" ಅಂದು ಇವಳು ಕೈ ಬಿಡಿಸಿಕೊಂಡಳಂತೆ.

ಅವಳು ನಮ್ಮೂರ ಸೂಲಗಿತ್ತಿ. ನಾನು ಅಜ್ಜಿ ಅನ್ನುತ್ತಿದ್ದೆ. ಈಗ ನಾನೇ ಅಜ್ಜಿಯಾಗಿದ್ದೇನೆ. ನಿನ್ನೆ ಮಗಳ ಮಗಳಿಗೆ ಮೊದಲ ಸಲ ನೀರು ಹಾಕಿದೆ. ಎಂಥ ಕೂಸು ಅಂತೀರಿ. ಬಿಸಿನೀರು ಬಿದ್ದರೆ ಬೇರೆ ಮಕ್ಕಳು ಕಿರುಚುತ್ತವೆ, ಇದು ಪಟೇಲರ ಹಾಗೆ ಕಣ್ಣು ಮುಚ್ಚಿ ಸುಖಪಡುತ್ತದೆ. ಓಣಿಗೆಲ್ಲ ಸಕ್ಕರೆ ಹಂಚಿದ್ದೇನೆ, ಹಾಲಿನವನ ಎಮ್ಮೆಗೂ ಒಂದು ಚಿಟಿಕೆ ಹೋಗಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಒಂದು ಪುಟ ಬರೆಯುವುದೆಂದರೆ ಒಂದು ಮಡಿ ಕಳೆ ಕಿತ್ತಷ್ಟು ಆಯಾಸ. ಆದರೂ ಕೂತಿದ್ದೇನೆ. ಹಾಲು ಉಕ್ಕುವಾಗ ತಳ ಹಿಡಿದದ್ದರ ವಾಸನೆಯೂ ಮೇಲೆ ಬರುತ್ತದಲ್ಲ, ಸಂತೋಷವೂ ಹಾಗೆಯೇ. ತಳದಲ್ಲಿ ಕೂತದ್ದನ್ನು ಬಿಡುವುದಿಲ್ಲ.

ನನ್ನ ತವರು ಜಗಳೂರಿನ ಕಡೆ ಸೊಕ್ಕೆ. ಮಳೆ ಬಂದರೆ ಜೋಳ, ಬರದಿದ್ದರೆ ಆಕಾಶ. ಬೆಳೆಗೆ ಔಷಧಿ ಹೊಡೆಯುವುದನ್ನು ನಾನು ಮೊದಲು ಕಂಡದ್ದು ಮದುವೆಯಾಗಿ ಸವಳಂಗದ ಹತ್ತಿರದ ಈ ಊರಿಗೆ ಬಂದ ಮೇಲೆ. ಇಲ್ಲಿ ಭತ್ತ, ಹತ್ತಿ ಇದ್ದವು. ನ್ಯಾಮತಿಯಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟಿದ್ದ ಸಾಹುಕಾರರ ಮನೆಯೂ ನಮ್ಮೂರಲ್ಲೇ ಇತ್ತು. ಜನ ಎಲ್ಲದಕ್ಕೂ ಔಷಧಿ ಅನ್ನುತ್ತಿದ್ದರು. ಜ್ವರಕ್ಕೆ ಕುಡಿಯುವುದೂ ಔಷಧಿ, ಹುಳಕ್ಕೆ ಹೊಡೆಯುವ ಎಂಡ್ರಿನ್ನೂ ಔಷಧಿ. ಖಾಲಿ ಡಬ್ಬಿಗಳನ್ನು ಯಾರೂ ಎಸೆಯುತ್ತಿರಲಿಲ್ಲ. ತಗಡಿನ ಡಬ್ಬಿ, ಬಿಗಿಯಾದ ಮುಚ್ಚಳ. ಬಡವರ ಮನೆಗೆ ಅಂಥದ್ದು ಸುಮ್ಮನೆ ಬರುತ್ತದೆಯೇ?

ಮೊದಲ ಬಾಣಂತನ ತವರಲ್ಲಾಯಿತು. ಎರಡನೆಯದಕ್ಕೆ ಅವ್ವ ಇರಲಿಲ್ಲ, ಅತ್ತೆಯ ಮನೆಯಲ್ಲೇ ಆಗಬೇಕಾಯಿತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನೋವು ತಿನ್ನುತ್ತ ಹಲ್ಲು ಕಚ್ಚುತ್ತಿದ್ದರೆ ಅಜ್ಜಿ ಬೆನ್ನು ನೀವುತ್ತ, "ಅವಸರ ಯಾಕೆ ಮಾಡ್ತೀಯವ್ವ? ಅದೇನು ಸವಳಂಗದ ಬಸ್ಸಾ, ತಪ್ಪಿ ಹೋಗಾಕೆ? ಬರೋರು ಬಂದೇ ಬರ್ತಾರೆ" ಅನ್ನುತ್ತಿದ್ದಳು. ಆ ನೋವಿನಲ್ಲೂ ನಗು ಬಂತು. ನಕ್ಕ ಹೊತ್ತಿಗೆ ಮಗಳು ಹುಟ್ಟಿದಳು.

ಅಜ್ಜಿಯದೊಂದು ಮಾತಿತ್ತು: "ಕೂಸು ಬರೋ ದಾರಿಗೆ ಜಾತಿ ಇಲ್ಲ. ಬಂದ ಮ್ಯಾಗೆ ಐತೆ." ಅದನ್ನು ಅವಳು ನಗುತ್ತ ಹೇಳುತ್ತಿದ್ದಳು, ಕೇಳಿದವರು ನಗುತ್ತಿರಲಿಲ್ಲ. ಅವಳ ಕೇರಿ ಊರಾಚೆ. ಹೆರಿಗೆಯ ಹೊತ್ತಿಗೆ ನಡುಮನೆಗೆ ಬರುತ್ತಿದ್ದಳು, ಹೊಕ್ಕುಳಬಳ್ಳಿ ಕೊಯ್ದ ಮೇಲೆ ಹಿತ್ತಲ ಬಾಗಿಲು. ದಿನಾ ಬಂದು ಬಚ್ಚಲಲ್ಲಿ ಕಾಲು ಚಾಚಿ ಕೂತು ಮೊಳಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ತಿಕ್ಕುತ್ತಿದ್ದಳು. ಎಣ್ಣೆ ನಮ್ಮದೇ. ಆದರೆ ನಮ್ಮ ಅತ್ತೆ ಎಣ್ಣೆಯ ತಂಬಿಗೆಯನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಅಜ್ಜಿ ತನ್ನದೊಂದು ಸೋರೆಬುರುಡೆ ಹಿಡಿಯಬೇಕು, ಅತ್ತೆ ಮುಟ್ಟದ ಹಾಗೆ ಮೇಲಿನಿಂದ ಅದಕ್ಕೆ ಹೊಯ್ಯಬೇಕು. ಎಲ್ಲ ಮನೆಗಳಲ್ಲೂ ಅದೇ ಪದ್ಧತಿ. ಕೂಸಿನ ಮೈಯೆಲ್ಲ ಅವಳ ಕೈ ಓಡಾಡಬಹುದು, ತಂಬಿಗೆಯನ್ನು ಮುಟ್ಟುವ ಹಾಗಿಲ್ಲ.

ಆ ಬುರುಡೆ ಒಡೆಯಿತು. ಅದೇ ವಾರ ಸಾಹುಕಾರರ ಮಗಳಿಗೆ ಕಷ್ಟದ ಹೆರಿಗೆ. ಕಾಲು ಮುಂದಾಗಿ ಬಂದ ಕೂಸನ್ನು ಅಜ್ಜಿ ಬದುಕಿಸಿಕೊಟ್ಟಳು. ಸಾಹುಕಾರರು ಖುಷಿಯಲ್ಲಿ ಒಂದು ಸೀರೆ, ಒಂದು ಮೊರ ಅಕ್ಕಿ, ಜೊತೆಗೆ ಅಟ್ಟದಿಂದ ಇಳಿಸಿ ಒಂದು ಖಾಲಿ ಡಬ್ಬಿ ಕೊಟ್ಟರು. ಮರುದಿನ ಅದು ನಮ್ಮ ಬಚ್ಚಲಿಗೆ ಬಂತು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಬೆಳ್ಳಿಯ ಹಾಗೆ ಮಾಡಿಕೊಂಡು ಬಂದಿದ್ದಳು. ಅಕ್ಷರಗಳು ಬಹಳಷ್ಟು ಅಳಿಸಿದ್ದವು. ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಮಾತ್ರ ಉಳಿದಿತ್ತು. ಅದರ ಕೆಳಗಿನ ಅರ್ಧ ಅಚ್ಚಕೆಂಪು, ಮೇಲಿನ ಅರ್ಧದಲ್ಲಿ ಹಲ್ಲು ಕಿರಿಯುವ ಒಂದು ಮುಖ.

"ಇದೇನಜ್ಜಿ ಇದು ಮುಖ?" ಅಂದೆ.

"ದೃಷ್ಟಿಬೊಂಬೆ ಕಣವ್ವ. ಹೊಸ ಮನೆಗೆ ಕಟ್ಟಲ್ವಾ, ಹಂಗೆ ಕಂಪ್ನಿಯೋರು ಡಬ್ಬಿಗೆ ಹಾಕ್ಯಾರೆ. ಕೆಳಗೆ ನೋಡು, ಕುಂಕುಮ ಬ್ಯಾರೆ ಬಳದಾರೆ. ಕೂಸಿನ ಎಣ್ಣೆಗೆ ಇನ್ನೆಂಥದು ಬೇಕು?"

ಅತ್ತೆ ಎಂದಿನಂತೆ ಮೇಲಿನಿಂದ ಎಣ್ಣೆ ಹೊಯ್ದಳು. "ಏನೇ ಮುದುಕಿ, ನಮಗಿಂತ ಚೆಂದದ ಡಬ್ಬಿ ಇಟ್ಟೀಯಲ್ಲ" ಅಂತ ಕುಟುಕಿದಳು.

"ನಿಮ್ಮ ಕಣ್ಣು ಬೀಳಬಾರದು ಅಂತಲೇ ಬೊಂಬೆ ಐತೆ ಬಿಡ್ರವ್ವ" ಅಂದಳು ಅಜ್ಜಿ.

ಎರಡು ದಿನ ಏನೂ ಆಗಲಿಲ್ಲ. ಹಚ್ಚಿ ಉಳಿದ ಎಣ್ಣೆ ನಮ್ಮ ಬಚ್ಚಲಲ್ಲಿ ಆ ಡಬ್ಬಿಯಲ್ಲೇ ಕೂತಿತ್ತು. ತಗಡಿನ ಮಡಿಕೆಯ ಸಂದಿಯಲ್ಲಿ ಅಡಗಿದ್ದದ್ದನ್ನು ನಿಧಾನವಾಗಿ ಹೀರಿಕೊಳ್ಳುತ್ತಿತ್ತು ಅಂತ ಆಮೇಲೆ ತಿಳಿಯಿತು. ಮೂರನೆಯ ಬೆಳಿಗ್ಗೆ ನೀರಾಯಿತು, ನೆತ್ತಿಗೆ ಎಣ್ಣೆ ಒತ್ತಿಯಾಯಿತು, ಸಾಂಬ್ರಾಣಿ ಹೊಗೆ ಆಯಿತು. ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತ ಕೂತಿದ್ದಳು. ಒಳಗೆ ನನ್ನ ತೊಡೆಯ ಮೇಲೆ ಮಗಳು ಬಿಲ್ಲಿನ ಹಾಗೆ ಸೆಟೆದುಕೊಂಡಳು. ಕಣ್ಣು ಮೇಲೆ ಹೋಯಿತು, ಕೈಕಾಲು ಅದುರತೊಡಗಿತು.

"ಬಾಲಗ್ರಹ" ಅಂದಳು ಅತ್ತೆ. ಕೂಸಿನ ಕೈಗೆ ಕಬ್ಬಿಣದ ಬೀಗದಕೈ ಹಿಡಿಸಿದಳು. ಮಾವನವರು ತಾಯತ ಕಟ್ಟುವವರನ್ನು ಕರೆತರಲು ಚಪ್ಪಲಿ ಮೆಟ್ಟಿದರು. ಅಕ್ಕಪಕ್ಕದವರು ಬಂದರು, ಎಲ್ಲರ ಬಾಯಲ್ಲೂ ಬಾಲಗ್ರಹವೇ. ಇನ್ನಷ್ಟು ಎಣ್ಣೆ ನೆತ್ತಿಗಿಡು ಅಂದರು.

ಅಜ್ಜಿ ಓಡಿ ಬಂದು ಬಾಗಿಲಲ್ಲಿ ನಿಂತಳು. ಅವಳು ನಸ್ಯ ಏರಿಸುವವಳು, ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ. ಕೂಸನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಬಚ್ಚಲಿಗೆ ಹೋಗಿ ಡಬ್ಬಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಉಗುಳಿದಳು. ಮತ್ತೊಮ್ಮೆ ಇಟ್ಟುಕೊಂಡಳು, ಮತ್ತೆ ಉಗುಳಿದಳು.

ಆಗ ಅವಳು ಸುಮ್ಮನಿದ್ದುಬಿಡಬಹುದಿತ್ತು. ಇದನ್ನು ನಾನು ಸಾವಿರ ಸಲ ಯೋಚಿಸಿದ್ದೇನೆ. ಊರೇ ಗ್ರಹ ಅನ್ನುತ್ತಿತ್ತು. ಕೂಸು ಹೋಗಿದ್ದರೆ ಗ್ರಹದ ಲೆಕ್ಕಕ್ಕೆ ಹೋಗುತ್ತಿತ್ತು. ಅವಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

"ಗ್ರಹ ಅಲ್ರವ್ವ" ಅಂದಳು. "ನನ್ನ ಎಣ್ಣೆ. ಕಹಿ ಐತೆ. ಕೂಸನ್ನ ಕೊಡ್ರಿ ಇತ್ಲಾಗೆ."

ಅತ್ತೆ ಕೊಡಲಿಲ್ಲ. ನಾನು ಕೊಟ್ಟೆ. ಸೀಗೆಪುಡಿ, ಕಡಲೆಹಿಟ್ಟು, ಕೈಗೆ ಸಿಕ್ಕ ಬಟ್ಟೆಸೋಪು ಎಲ್ಲ ಹಾಕಿ ಕೂಸನ್ನು ತೊಳೆದಳು. ಒದ್ದೆಕೂಸನ್ನು ಸೀರೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದಳು. ಆಸ್ಪತ್ರೆಗೆಂದು ನಾವು ರಸ್ತೆಗೆ ಓಡಿದೆವು. ಬಸ್ಸು ಹತ್ತುವಾಗ ನೋಡಿದರೆ ಅವಳ ಕಂಕುಳಲ್ಲಿ ಡಬ್ಬಿ ಇತ್ತು.

"ಅದ್ಯಾಕಜ್ಜಿ, ಬಿಸಾಕು ಅತ್ಲಾಗೆ" ಅಂದೆ.

"ಏನು ಹಚ್ಚಿದ್ದೆ ಅಂತ ಡಾಕ್ಟ್ರು ಕೇಳಿದ್ರೆ ನಾನು ಏನಂತ ಹೇಳ್ಲಿ? ನಂಗೆ ಓದಾಕೆ ಬರಲ್ಲ. ಅವರಿಗೆ ಬರ್ತೈತೆ."

ಡಾಕ್ಟರು ಡಬ್ಬಿ ತಿರುಗಿಸಿ, ತಳದ ಹತ್ತಿರ ಉಳಿದಿದ್ದ ನಾಲ್ಕು ಇಂಗ್ಲಿಷ್ ಅಕ್ಷರ ನೋಡಿದರು. ಅವರ ಮುಖ ಬದಲಾಯಿತು. ನರ್ಸಮ್ಮನಿಗೆ ಏನೋ ಕೂಗಿ ಹೇಳಿದರು. ಮತ್ತೆ ಸೋಪು, ಮತ್ತೆ ನೀರು, ಸೂಜಿ. ಸಂಜೆಗೆ ಅದುರುವುದು ನಿಂತಿತು. ಮಗಳು ಮೊಲೆ ಹಿಡಿದಳು.

ಆಮೇಲೆ ಡಾಕ್ಟರು ಹೊರಗೆ ಬಂದು ಅಜ್ಜಿಯ ಮುಂದೆ ಡಬ್ಬಿ ಹಿಡಿದರು. "ಇದು ವಿಷ ಅಂತ ಗೊತ್ತಾಗಲಿಲ್ವೇನಮ್ಮ? ಸರ್ಕಾರ ಕಾನೂನು ಮಾಡಿ ಬಣ್ಣ ಹಾಕಿಸಿದೆ. ಕೆಂಪು ಅಂದರೆ ಎಲ್ಲಕ್ಕಿಂತ ಕೆಟ್ಟ ವಿಷ. ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಓದಲು ಬಾರದವರಿಗೆ ತಿಳಿಯಲಿ ಅಂತಲೇ ಬಣ್ಣ, ತಲೆಬುರುಡೆ."

ಅಜ್ಜಿ ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಕುಂಕುಮ, ಅರಿಶಿಣ, ಹಸಿರು ಬಳೆ" ಅಂದಳು. "ಮುತ್ತೈದೆ ಬಣ್ಣನೆಲ್ಲ ವಿಷಕ್ಕೆ ಕೊಟ್ಟುಬಿಟ್ರಾ ಸಾಮಿ? ಕರೀದು ಇರಲಿಲ್ವಾ? ನಮ್ಮಂಥೋರನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ."

ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಆದರೆ ಮೇಲಕ್ಕೆ ತಿಳಿಸುವುದು ಅವರ ಕರ್ತವ್ಯವಾಗಿತ್ತು, ತಿಳಿಸಿದರು.

ಔಷಧಿ ಅಂಗಡಿಗಳ ತಪಾಸಣೆಯ ಸಾಹೇಬರೊಬ್ಬರು ಜೀಪಿನಲ್ಲಿ ಊರಿಗೆ ಬಂದರು. ಅರಳಿಕಟ್ಟೆಯ ಮೇಲೆ ಕುರ್ಚಿ ಹಾಕಿದರು. ಖಾಲಿ ಡಬ್ಬಿಯನ್ನು ಯಾರಿಗೂ ಕೊಡಬಾರದು, ಒಡೆದು ನೀರಿನ ಸೆಲೆಯಿಂದ ದೂರ ಹೂಳಬೇಕು ಅಂತ ನಿಯಮವಿದೆಯಂತೆ. ಅದನ್ನು ಅವರು ಓದಿ ಹೇಳಿದರು. ಊರಿಗೆ ಊರೇ ಅದನ್ನು ಕೇಳಿದ್ದು ಅವತ್ತೇ ಮೊದಲು. ನಮ್ಮ ಅತ್ತೆ ಸದ್ದಿಲ್ಲದೆ ಮನೆಗೆ ಬಂದು ಸೀಮೆಎಣ್ಣೆ ತುಂಬಿಟ್ಟಿದ್ದ ಅಂಥದೇ ಔಷಧಿ ಡಬ್ಬಿಯನ್ನು ಹುಲ್ಲಿನ ಬಣವೆಗೆ ತುರುಕಿದಳು.

ಸಾಹುಕಾರರು ಕೈಮುಗಿದರು. "ನಾನು ಒಡೆದು ಹೂಳ್ಸಿದ್ದೆ ಸ್ವಾಮಿ. ಇವಳೇ ಅಗೆದು ತಗಂಡು ಹೋಗಿದಾಳೆ."

ಅಜ್ಜಿ ಕಟ್ಟೆಯ ಕೆಳಗೆ, ದೂರದಲ್ಲಿ ನಿಂತಿದ್ದಳು. "ಒಡೆದ ಡಬ್ಬಿಯಾಗೆ ಎಣ್ಣೆ ನಿಲ್ತೈತೇನಪ್ಪ?" ಅಂದಳು. "ನಿನ್ನ ಮೊಮ್ಮಗ ಕಾಲು ಮುಂದಾಗಿ ಬಂದ ದಿನ ಅಟ್ಟದಿಂದ ನೀನೇ ಇಳಿಸಿಕೊಟ್ಟೆ. ಆ ಕೂಸಿನ ಮ್ಯಾಗೆ ಕೈ ಇಟ್ಟು ಇಲ್ಲ ಅನ್ನು."

ಸಾಹುಕಾರರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದರು. ನಾನು ಮಗಳನ್ನು ಎತ್ತಿಕೊಂಡು ಹೆಂಗಸರ ಗುಂಪಿನಿಂದ ಮುಂದೆ ಬಂದೆ. "ಅವಳು ಹೇಳಿದ್ದು ನಿಜ ಸಾಹೇಬ್ರೇ. ಕೂಸು ಉಳಿದದ್ದೂ ಅವಳಿಂದಲೇ" ಅಂದೆ. ಬಾಣಂತಿ ಗಾಳಿಗೆ ಬರಬಾರದು ಅಂತ ಮಾವನವರು ನನ್ನನ್ನು ಗದರಿಸಿ ಕಳಿಸಿದರು. ನನ್ನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಸಾಹೇಬರು ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಗುರುತು ಸರಿಯಾಗಿದೆ. ಕೆಂಪು ಇದೆ, ಚಿತ್ರ ಇದೆ. ಕಾನೂನು ಹೇಳಿದ್ದೆಲ್ಲ ಡಬ್ಬಿಯ ಮೇಲಿದೆ. ಇನ್ನು ನೋಡಿಕೊಂಡು ಬಳಸುವುದು ಬಳಸುವವರ ಜವಾಬ್ದಾರಿ" ಅಂದರು. ಸಾಹುಕಾರರಿಗೆ ಇನ್ನು ಮುಂದೆ ಹುಷಾರು ಅಂತ ಹೇಳಿದರು. ಕಾಫಿ ಅವರ ಮನೆಯಲ್ಲೇ ಆಯಿತು. ವಿಷಕ್ಕೆ ನಾಲ್ಕು ದರ್ಜೆ ಮಾಡಿದ್ದ ಕಾನೂನು ಅವತ್ತು ಮನುಷ್ಯರಿಗೂ ದರ್ಜೆ ಮಾಡಿ ಜೀಪು ಹತ್ತಿ ಹೋಯಿತು.

ಅಲ್ಲಿಂದ ಅವಳನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಓಣಿಯ ಹುಡುಗರು ಎಂಡ್ರಿನ್ ಅಜ್ಜಿ ಅಂತ ಕೂಗಿದರು. ಅವಳೇ ಬಸಿರಿನಿಂದ ಬಿಡಿಸಿಕೊಂಡು ಬಂದ ಹುಡುಗರು. ಸಾಹುಕಾರರ ಅಂಗಡಿ ಬೆಳೆದು ಎರಡನೆಯ ಬಾಗಿಲು ಬಂತು. ಅಜ್ಜಿ ಚನ್ನಗಿರಿ ಕಡೆ ಮಗಳ ಊರಿಗೆ ಹೋದಳು. ಹೋಗುವ ದಿನ ನನಗೆ ಹೇಳಿಹೋಗಲು ಹಿತ್ತಲಿಗೆ ಬಂದಿದ್ದಳಂತೆ. ಅತ್ತೆ ನನ್ನನ್ನು ಕರೆಯಲಿಲ್ಲ.

ಮಗಳು ಶಾಲೆಗೆ ಸೇರಿದ ವರ್ಷ ಗಂಡನನ್ನು ಕಾಡಿ ಅಜ್ಜಿಯನ್ನು ನೋಡಲು ಹೋದೆ. ಯಾರದೋ ಕಣದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಅಂಗೈ ಒರಟಾಗಿತ್ತು, ಸಿಪ್ಪೆಯ ಮಣ್ಣು ಹತ್ತಿ ಗೆರೆಗಳು ಮೂಡಿದ್ದವು. ಮಗಳನ್ನು ಮುಂದೆ ನಿಲ್ಲಿಸಿ, "ಇವಳೇ ಅಜ್ಜಿ" ಅಂದೆ. ಅವಳ ಕಣ್ಣು ತುಂಬಿ ಬಂತು. ಮಗಳು ಕೈ ಚಾಚಿದಳು. ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಮುಟ್ಟಜ್ಜಿ, ನೀನು ಕೊಟ್ಟ ಕೂಸಲ್ವಾ" ಅಂದೆ.

"ನೋಡಿದ್ನಲ್ಲವ್ವ, ಸಾಕು. ಈ ಕೈ ನಂಬಾಕೆ ಆಗಲ್ಲ ನಂಗೆ" ಅಂದಳು. ಮಗಳ ಸುತ್ತ ಒಂದು ಸುತ್ತು ಬಂದು ಎಲ್ಲ ಕಡೆಯಿಂದ ನೋಡಿದಳು, ಸಂತೆಯಲ್ಲಿ ಕರು ನೋಡುವವರ ಹಾಗೆ. "ನಡಿಗೆ ಚೆನ್ನಾಗೈತೆ. ಸೊಂಟ ಗಟ್ಟಿ. ನಾಳೆ ಇವಳು ಸಲೀಸಾಗಿ ಹೆರ್ತಾಳೆ ಬಿಡು" ಅಂದಳು.

ಮರುವರ್ಷ ಅವಳು ಹೋದ ಸುದ್ದಿ ಬಂತು. ಮಣ್ಣಿಗೆ ಹೋಗಲು ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ಸುದ್ದಿ ಬಂದದ್ದೇ ಸಂತೆಯಲ್ಲಿ, ಬೇರೆ ಮಾತಿನ ನಡುವೆ.

ಅವಳು ಹೇಳಿದ ಹಾಗೆ ಮಗಳು ಸಲೀಸಾಗಿಯೇ ಹೆತ್ತಳು. ಆಸ್ಪತ್ರೆಯ ಡಾಕ್ಟರಮ್ಮ ಕೂಡ ಹಾಗೇ ಅಂದರು. ನಿನ್ನೆ ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಮೊಮ್ಮಗಳನ್ನು ಮೊಳಕಾಲ ಮೇಲೆ ಹಾಕಿಕೊಂಡೆ. ಮಗಳು ಎಣ್ಣೆಯ ಬಟ್ಟಲನ್ನು ನನ್ನ ಕೈಗೇ ಕೊಟ್ಟಳು, ಮೇಲಿನಿಂದ ಹೊಯ್ಯಲಿಲ್ಲ. ನಾನು ಬೆರಳದ್ದಿ ಮೊದಲು ನನ್ನ ನಾಲಿಗೆಗೆ ಇಟ್ಟುಕೊಂಡೆ.

"ಇದೇನವ್ವ, ಕೂಸಿನ ಎಣ್ಣೆ ನೀನು ತಿಂತೀಯಾ?" ಅಂತ ಮಗಳು ನಕ್ಕಳು.

"ಸುಮ್ನಿರೇ" ಅಂದೆ. ಬಾಯಲ್ಲಿ ಎಣ್ಣೆ ಕರಗುವ ತನಕ ಕಾದೆ. ಕಹಿ ಇರಲಿಲ್ಲ. ಆಮೇಲೆ ಕೂಸಿಗೆ ಹಚ್ಚಿದೆ.